ಹಿನ್ನೀರಿನ ಮೇಲೆ ನಿಂತ ಕೆಂಪು ಬಸ್ಸು: ಹಲವು ಫೋಟೋ ಸೇರಿಸಿದ ಚಿತ್ರ ನಂಬುವ ಹಾಗೆ ಕಾಣಬೇಕಾದರೆ?

ಶರಾವತಿ ತೀರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಒಂದು ಚಿತ್ರ ಮಾಡುತ್ತಿದ್ದೇನೆ, ನಿಮ್ಮ ಸಹಾಯ ಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ನಮ್ಮ ಅಜ್ಜಿಯ ತವರು, ಅವರ ಅಡಿಕೆ ತೋಟ, ಊರಿಗೆ ಹೋಗುವ ರಸ್ತೆ ಎಲ್ಲ ಶರಾವತಿ ಹಿನ್ನೀರಿನಲ್ಲಿ ಮುಳುಗಿದವು. ಆ ರಸ್ತೆ ಇನ್ನೂ ಇದೆ, ಬಸ್ಸು ಇನ್ನೂ ಹೋಗುತ್ತಿದೆ ಅನ್ನುವ ಹಾಗೆ ನೀರಿನ ಮಧ್ಯೆ ಒಂದು ಕೆಂಪು ಬಸ್ಸು ನಿಂತಿರಬೇಕು. ಲಾಂಚ್ ಇಲ್ಲ, ದೋಣಿ ಇಲ್ಲ. ಚಕ್ರ ನೇರ ನೀರಿನ ಮೇಲೆ. ಬಸ್ಸಿನ ಸುತ್ತ ನೀರಿನೊಳಗೆ ಅಡಿಕೆ ತೋಟದ ಪ್ರತಿಬಿಂಬ ಕಾಣಬೇಕು, ಆದರೆ ಮೇಲೆ ತೋಟ ಇರಬಾರದು.

ಹಿನ್ನೀರಿನ ಫೋಟೋ ತೆಗೆದದ್ದು ಮೋಡದ ಸಂಜೆ, ದಡದ ಏರಿನ ಮೇಲಿನಿಂದ. ಬಸ್ಸಿನ ಫೋಟೋ ಬಸ್ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನ. ಫೋಟೋಶಾಪ್‌ನಲ್ಲಿ ಪೆನ್ ಟೂಲ್‌ನಿಂದ ಬಸ್ಸು ಬಿಡಿಸಿ, ಸುತ್ತಲಿನದು ಕಾಣದ ಹಾಗೆ ಮಾಸ್ಕ್ ಹಾಕಿದ್ದೇನೆ. ಅಂಚು ನೀಟಾಗಿದೆ. ಆದರೂ ನೋಡಿದವರೆಲ್ಲ "ಅಂಟಿಸಿದ ಹಾಗಿದೆ" ಅನ್ನುತ್ತಾರೆ. ಎರಡೂ ಮೂಲ ಫೋಟೋಗಳನ್ನು ಸೇರಿಸಿದ ಚಿತ್ರದ ಜೊತೆ ಹಾಕಿದ್ದೇನೆ. ಏನು ಮಾಡಬೇಕು ಹೇಳಿ.

ಹುಬ್ಬಳ್ಳಿ ಹುಡುಗ

ಯೋಚನೆ ಭಾಳ ಚೆನ್ನಾಗಿದೆ ಅಕ್ಕ. ಎಲ್ಲ ಲೇಯರ್‌ಗಳ (ಒಂದರ ಮೇಲೊಂದು ಇಟ್ಟ ಪದರಗಳ) ಮೇಲೆ ಒಂದು ಕಲರ್ ಗ್ರೇಡಿಂಗ್ ಹಾಕಿ ನೋಡಿ. ಸ್ವಲ್ಪ ನೀಲಿ, ಸ್ವಲ್ಪ ಮಂಜು. ಎರಡೂ ಒಂದೇ ಬಣ್ಣಕ್ಕೆ ಬಂದರೆ ಕೂಡಿಕೊಳ್ಳುತ್ತವೆ.

ನೆರಳು ಬೆಳಕು

ಬಣ್ಣ ಆಮೇಲೆ ನೋಡೋಣ. ಇಲ್ಲಿರುವ ತೊಂದರೆ ಬಣ್ಣದ್ದಲ್ಲ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಅನ್ನುವುದರದ್ದು.

ಮೇಡಂ, ನಿಮ್ಮ ಬಸ್ಸಿನ ಫೋಟೋದಲ್ಲಿ ಟಾಪ್ ಕಾಣುವುದಿಲ್ಲ. ನಿಂತು, ಕಣ್ಣಿನ ಮಟ್ಟದಿಂದ ತೆಗೆದಿದ್ದೀರಿ. ಹಿನ್ನೀರನ್ನು ಮಾತ್ರ ಮೇಲಿನಿಂದ ನೋಡುತ್ತಿದ್ದೀರಿ. ಒಂದೇ ಚಿತ್ರದಲ್ಲಿ ನೋಡುವವರು ಎರಡು ಕಡೆ ನಿಂತ ಹಾಗಾಯಿತು. ನೋಡಿದವರಿಗೆ ಇದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಕಣ್ಣು ಮಾತ್ರ ತಕ್ಷಣ ಹಿಡಿಯುತ್ತದೆ.

ಇದಕ್ಕೆ ಒಂದು ಸರಳ ಲೆಕ್ಕ ಇದೆ. ಸಮತಟ್ಟಾದ ನೆಲವಾಗಲಿ ನೀರಾಗಲಿ, ದಿಗಂತದ ಗೆರೆ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಹಾದುಹೋಗುತ್ತದೆ. ಕ್ಯಾಮೆರಾ 5 ಅಡಿ ಎತ್ತರದಲ್ಲಿದ್ದರೆ ಹತ್ತಿರದ ಬಸ್ಸನ್ನೂ ದೂರದ ಬಸ್ಸನ್ನೂ ಆ ಗೆರೆ ನೆಲದಿಂದ 5 ಅಡಿಯಲ್ಲೇ ಕತ್ತರಿಸುತ್ತದೆ. ನಿಮ್ಮ ಬಸ್ಸಿನಲ್ಲಿ ಅದು ಕಿಟಕಿಗಳ ಕೆಳಗೆ ಬಂದಿದೆ.

ಈಗ ಹಿನ್ನೀರಿನ ಫೋಟೋ ನೋಡಿ. ಎಡಗಡೆ ನೀರಿನ ಅಂಚಿನಲ್ಲಿ ಒಬ್ಬರು ನಿಂತಿದ್ದಾರೆ. ಅವರ ಪಾದದಿಂದ ದಿಗಂತದವರೆಗೆ ಅಳೆದೆ. ಅವರ ಎತ್ತರದ ಎಂಟರಷ್ಟು ಬರುತ್ತದೆ. ಅವರು ಐದೂಕಾಲು ಅಡಿ ಅಂತ ಹಿಡಿಯಿರಿ, ಕ್ಯಾಮೆರಾ ನೀರಿನಿಂದ ಸುಮಾರು 42 ಅಡಿ ಮೇಲಿತ್ತು. ಬಸ್ಸು ಸುಮಾರು ಹತ್ತೂವರೆ ಅಡಿ ಎತ್ತರ. ಹಾಗಾದರೆ ನೀವು ಬಸ್ಸನ್ನು ನೀರಿನ ಮೇಲೆ ಎಲ್ಲೇ ಇಟ್ಟರೂ, ಅದರ ಚಕ್ರದಿಂದ ದಿಗಂತದವರೆಗಿನ ಅಂತರದಲ್ಲಿ ಅದು ನಾಲ್ಕನೇ ಒಂದು ಭಾಗ ಮಾತ್ರ ಇರಬೇಕು. ನಿಮ್ಮ ಬಸ್ಸಿನ ಟಾಪ್ ದಿಗಂತ ದಾಟಿ ಆಕಾಶಕ್ಕೆ ಹೋಗಿದೆ.

(ದೂರದ ದಡದಲ್ಲಿ ನೀರು ಮುಗಿಯುವ ಗೆರೆಯನ್ನೇ ದಿಗಂತ ಅಂದುಕೊಂಡಿದ್ದೇನೆ. ದಡ ಅಷ್ಟು ದೂರ ಇರುವಾಗ ವ್ಯತ್ಯಾಸ ಕಡಿಮೆ. ಗುಡ್ಡದ ತುದಿಯನ್ನು ಮಾತ್ರ ದಿಗಂತ ಅಂತ ಹಿಡಿಯಬೇಡಿ.)

ಶರಾವತಿ ತೀರ

ಸರ್, ಈಗ ಅರ್ಥವಾಯಿತು. ಬಸ್ಸನ್ನು ಚಿಕ್ಕದು ಮಾಡಿದರೆ ಸಾಕಾ?

ನೆರಳು ಬೆಳಕು

ಸಾಲದು. ಅಳತೆ ಸರಿಹೋಗುತ್ತದೆ, ನೋಟ ಸರಿಹೋಗುವುದಿಲ್ಲ. ಟಾಪ್ ಕಾಣಲೇಬೇಕು. ಬಸ್ಸನ್ನು ಮತ್ತೆ ತೆಗೆಯಿರಿ.

ಬಸ್ಸು 200 ಅಡಿ ದೂರದಲ್ಲಿದೆ ಅಂದುಕೊಂಡರೆ, 42 ಅಡಿ ಮೇಲಿನಿಂದ ನೋಡುವಾಗ ನೋಟ ಸುಮಾರು 12 ಡಿಗ್ರಿ ಕೆಳಗೆ ಇಳಿಯುತ್ತದೆ. ಅಷ್ಟು ಎತ್ತರಕ್ಕೆ ಹೋಗಬೇಕಿಲ್ಲ. ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಿಂತರೆ ಕಣ್ಣು ಸುಮಾರು 20 ಅಡಿ ಎತ್ತರಕ್ಕೆ ಬರುತ್ತದೆ. ಅಲ್ಲಿಂದ 100 ಅಡಿ ದೂರದ ಬಸ್ಸನ್ನು ತೆಗೆದರೆ ಹೆಚ್ಚುಕಡಿಮೆ ಅದೇ ಕೋನ. ಯಾವ ಲೆನ್ಸ್ ಅನ್ನುವ ಚಿಂತೆ ಬೇಡ. ಪರ್ಸ್‌ಪೆಕ್ಟಿವ್, ಅಂದರೆ ವಸ್ತು ಯಾವ ಕೋನದಿಂದ ಹೇಗೆ ಕಾಣುತ್ತದೆ ಅನ್ನುವುದು, ನಿರ್ಧಾರವಾಗುವುದು ನೀವು ನಿಂತ ಜಾಗದಿಂದ. ಲೆನ್ಸ್ ಬದಲಾಯಿಸಿದರೆ ಎಷ್ಟು ಭಾಗ ಫ್ರೇಮಿಗೆ ಬರುತ್ತದೆ ಅನ್ನುವುದು ಬದಲಾಗುತ್ತದೆ, ಅಷ್ಟೇ.

ಮೋಡ ಇರುವ ದಿನವೇ ಹೋಗಿ. ಸೂರ್ಯ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ ಮಾತ್ರ. ಅದಕ್ಕೇ ಮಧ್ಯಾಹ್ನದ ನೆರಳು ಅಷ್ಟು ಚೂಪು. ನೆತ್ತಿಯ ಮೇಲೆ ಬಿಸಿಲಿದ್ದಾಗ ಹತ್ತು ಅಡಿ ಎತ್ತರದ ಟಾಪ್‌ನ ನೆರಳು ನೆಲಕ್ಕೆ ಬಿದ್ದರೂ ಅದರ ಅಂಚು ಮಬ್ಬಾಗುವುದು ಸುಮಾರು ಒಂದು ಇಂಚು. ಮೋಡ ಕವಿದಾಗ ಇಡೀ ಆಕಾಶವೇ ದೀಪ, ನೆರಳಿಗೆ ಅಂಚೇ ಇರುವುದಿಲ್ಲ. ನಿಮ್ಮ ಬಸ್ಸಿನ ಕಿಟಕಿ ಸರಳುಗಳ ಕೆಳಗೆ ಕತ್ತರಿಸಿದ ಹಾಗೆ ನೆರಳಿದೆ. ಅದನ್ನು ಬೆಳಕು ಬಣ್ಣ ಹೊಂದಿಸುವ ಯಾವ ಕರ್ವ್ಸ್ ಲೇಯರ್‌ನಿಂದಲೂ ಮೋಡದ ಬೆಳಕು ಮಾಡಲು ಆಗುವುದಿಲ್ಲ. ಬಣ್ಣ ಬದಲಾಯಿಸಬಹುದು, ಬೆಳಕಿನ ಗುಣ ಬದಲಾಯಿಸಲು ಆಗದು.

ಡಾರ್ಕ್‌ರೂಂ ಹಳಬ

ಇವರು ಹೇಳಿದ್ದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಇದಕ್ಕೆ ಕಂಪ್ಯೂಟರ್‌ಗಿಂತ ಬಹಳ ಹಳೆಯ ಇತಿಹಾಸ ಇದೆ, ಹೊಸಬರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

1850ರ ದಶಕದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ಸಮುದ್ರಕ್ಕೆ ಸರಿಯಾಗಿ ಎಕ್ಸ್‌ಪೋಸ್ ಮಾಡಿದರೆ ಆಕಾಶ ಪೂರ್ತಿ ಬೆಳ್ಳಗೆ, ಮೋಡವೇ ಇಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ತೆಗೆದು ದಿಗಂತದ ಗೆರೆಯಲ್ಲಿ ಸೇರಿಸಿ ಪ್ರಿಂಟ್ ಹಾಕಿದರು. 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದರು. ವಿಕ್ಟೋರಿಯಾ ರಾಣಿ ಅದರ ಒಂದು ಪ್ರತಿ ಕೊಂಡರು.

ನನಗೆ ಎಲ್ಲರಿಗಿಂತ ಇಷ್ಟ ಅಮೆರಿಕದ ಜೆರ್ರಿ ಯುಲ್ಸ್‌ಮನ್, 1934ರಿಂದ 2022ರವರೆಗೆ ಬದುಕಿದ್ದವರು. ಡಾರ್ಕ್‌ರೂಂನಲ್ಲಿ ಸಾಲಾಗಿ ಹಲವು ಎನ್‌ಲಾರ್ಜರ್ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಇಟ್ಟು, ಒಂದೊಂದಕ್ಕೆ ಒಂದೊಂದು ನೆಗೆಟಿವ್ ಹಾಕಿ, ಒಂದೇ ಕಾಗದವನ್ನು ಒಂದರ ಕೆಳಗಿಂದ ಇನ್ನೊಂದರ ಕೆಳಗೆ ಒಯ್ಯುತ್ತಿದ್ದರು. ಬೇರು ಸಮೇತ ಗಾಳಿಯಲ್ಲಿ ತೇಲುವ ಮರ ಅವರದೇ. ಕಾಗದದ ಮೇಲೆ ಎಲ್ಲಿ ಬೆಳಕು ಬೀಳಬೇಕು, ಎಲ್ಲಿ ಬೀಳಬಾರದು ಅಂತ ಕೈ ಅಡ್ಡ ಹಿಡಿದು ತಡೆಯುತ್ತಿದ್ದೆವಲ್ಲ, ಅದೇ ಇವತ್ತಿನ ಮಾಸ್ಕ್. ಫೋಟೋಶಾಪ್ ಮೊದಲು ಬಿಡುಗಡೆಯಾದದ್ದು 1990ರಲ್ಲಿ. ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಅದಕ್ಕೆ ಮೊದಲೇ ಈ ಕೆಲಸ ಪೂರ್ತಿ ಬೆಳೆದಿತ್ತು.

ಇವರೆಲ್ಲ ಕೈಗೆ ಸಿಕ್ಕಿದ ಫೋಟೋಗಳನ್ನು ಸುಮ್ನೆ ಜೋಡಿಸಿದವರಲ್ಲ. ಮೇಡಂ, ನೀವೂ ಮೊದಲು ಒಂದು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಚಿತ್ರ ಬರೆದುಕೊಳ್ಳಿ. ದಿಗಂತ ಎಲ್ಲಿ, ಬೆಳಕು ಯಾವ ಕಡೆಯಿಂದ, ಬಸ್ಸು ಎಷ್ಟು ದೊಡ್ಡದು. ಆಮೇಲೆ ಕ್ಯಾಮೆರಾ ಹಿಡಿಯಿರಿ.

ಶರಾವತಿ ತೀರ

ಹಾಳೆ ಮೇಲೆ ಬರೆದೆ ಸರ್. ಬರೆಯುವಾಗಲೇ ಇನ್ನೊಂದು ಪ್ರಶ್ನೆ ಬಂತು. ಬಸ್ಸಿನ ಪ್ರತಿಬಿಂಬಕ್ಕೆ ಅದೇ ಬಸ್ಸಿನ ಲೇಯರನ್ನು ತಲೆಕೆಳಗು ಮಾಡಿ ಇಟ್ಟಿದ್ದೇನೆ. ಅದು ಸರಿ ಅಲ್ವಾ?

ಕರಾವಳಿ ಕ್ಲಿಕ್

ಇಲ್ಲ. ಇದನ್ನು ನಾನು ಹೇಳುತ್ತೇನೆ, ದಿನಾ ದೋಣಿಗಳನ್ನೇ ತೆಗೆಯುವವನು.

ನೀರು ನಿಮ್ಮ ಫೋಟೋವನ್ನು ತಿರುಗಿಸಿ ತೋರಿಸುವುದಿಲ್ಲ. ನೀರಿನಡಿಯಲ್ಲಿ ಅಷ್ಟೇ ಆಳದಲ್ಲಿ ಇನ್ನೊಂದು ಕ್ಯಾಮೆರಾ ಇದ್ದು, ಅದು ಮೇಲೆ ನೋಡಿದರೆ ಏನು ಕಾಣುತ್ತದೋ ಅದನ್ನು ತೋರಿಸುತ್ತದೆ. ನೀವು 42 ಅಡಿ ಮೇಲಿದ್ದರೆ ಪ್ರತಿಬಿಂಬ 42 ಅಡಿ ಕೆಳಗಿನ ನೋಟ. ಹಾಗಾಗಿ ಹೊಸ ಬಸ್ಸಿನ ಫೋಟೋದಲ್ಲಿ ಟಾಪ್ ಕಂಡರೂ ಪ್ರತಿಬಿಂಬದಲ್ಲಿ ಟಾಪ್ ಕಾಣಬಾರದು. ಅಲ್ಲಿ ಬಾಗಿಲಿನ ಮೆಟ್ಟಿಲ ಅಡಿ, ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಭಾಗ, ಬಂಪರಿನ ಕೆಳಮೈ ಕಾಣಬೇಕು. ದೋಣಿಯ ನೆತ್ತಿ ಮೇಲೆ ಕಂಡರೆ, ನೀರಿನಲ್ಲಿ ಅದರ ಹೊಟ್ಟೆ ಕಾಣುತ್ತದೆ. ಬಂದರಿಗೆ ಹೋದಾಗ ಯಾವ ದೋಣಿಯನ್ನಾದರೂ ನೋಡಿ.

ಆದ್ದರಿಂದ ಬಸ್ಸನ್ನು ಎರಡು ಸಲ ತೆಗೆಯಿರಿ. ಒಂದು ಮಹಡಿಯಿಂದ. ಇನ್ನೊಂದು ಅದೇ ದಿಕ್ಕಿನಿಂದ, ಕ್ಯಾಮೆರಾವನ್ನು ಆದಷ್ಟು ನೆಲಕ್ಕೆ ಇಟ್ಟು. ಎರಡನೆಯದನ್ನು ತಿರುಗಿಸಿ ನೀರಿನಲ್ಲಿ ಇಡಿ. ನಿಜವಾದ ನೋಟ ಇನ್ನೂ ಕೆಳಗಿನಿಂದ ಇರಬೇಕು. ಆದರೆ ಬಸ್ಸನ್ನು ಅಷ್ಟು ಕೆಳಗಿನಿಂದ ತೆಗೆಯುವುದು ಕಷ್ಟ. ಅಲೆ ಬಂದಾಗ ಆ ಕೊರತೆ ಮುಚ್ಚಿಹೋಗುತ್ತದೆ.

ಅಲೆಗೆ, ಚಿತ್ರವನ್ನು ಅಲ್ಲಲ್ಲಿ ಸರಿಸುವ ಡಿಸ್‌ಪ್ಲೇಸ್ ಫಿಲ್ಟರ್ ಬಳಸಿ. ಹಿನ್ನೀರಿನ ಫೋಟೋವನ್ನೇ ಕಪ್ಪುಬಿಳುಪು ಮಾಡಿ, ಸ್ವಲ್ಪ ಮಬ್ಬು ಮಾಡಿ, ಬೇರೆ ಪಿಎಸ್‌ಡಿ (ಫೋಟೋಶಾಪ್ ಫೈಲ್) ಆಗಿ ಉಳಿಸಿ. ಆ ಫೈಲನ್ನು ನಕ್ಷೆಯಾಗಿ ಕೊಡಿ. ನಡುವಿನ ಬೂದು ಇರುವಲ್ಲಿ ಏನೂ ಅಲುಗುವುದಿಲ್ಲ, ಬಿಳಿ ಒಂದು ಕಡೆಗೆ, ಕಪ್ಪು ಇನ್ನೊಂದು ಕಡೆಗೆ ತಳ್ಳುತ್ತದೆ. ಮೇಲೆ ಕೆಳಗೆ ಜಾಸ್ತಿ ಕೊಡಿ, ಅಡ್ಡಕ್ಕೆ ಕಡಿಮೆ ಕೊಡಿ. ನೀರಿನಲ್ಲಿ ಪ್ರತಿಬಿಂಬ ಉದ್ದಕ್ಕೆ ಎಳೆದುಕೊಳ್ಳುತ್ತದೆಯೇ ಹೊರತು ಅಗಲವಾಗುವುದಿಲ್ಲ.

ಬಸ್ಸು ಓಡುತ್ತಿದೆಯೋ, ನಿಂತಿದೆಯೋ? ಅದನ್ನೂ ತೀರ್ಮಾನ ಮಾಡಿ. ಓಡುತ್ತಿದ್ದರೆ ಹಿಂದೆ ಅಲೆ ಏಳಬೇಕು. ಆಳದ ನೀರಿನಲ್ಲಿ ದೋಣಿಯ ಹಿಂದಿನ ಅಲೆಯ ಕೋನ, ವೇಗ ಎಷ್ಟೇ ಇದ್ದರೂ, ಸುಮಾರು 39 ಡಿಗ್ರಿಯೇ ಇರುತ್ತದೆ. ಅದನ್ನು ಕೈಯಿಂದ ಬಿಡಿಸಲು ಹೋಗಬೇಡಿ. ಲಾಂಚಿನ ಅಲೆಯನ್ನು ಫೋಟೋ ತೆಗೆದು ಬಳಸಿ.

ಶರಾವತಿ ತೀರ

ನಿಂತಿದೆ. ಯಾರೋ ಹತ್ತಲಿ ಅಂತ ಕಾಯುತ್ತಿರುವ ಬಸ್ಸು ಅದು. ಹಾಗಾದರೆ ಅಲೆ ಬೇಡ ಅಲ್ವಾ?

ಕರಾವಳಿ ಕ್ಲಿಕ್

ದೊಡ್ಡ ಅಲೆ ಬೇಡ. ಟೈರು ನೀರಿಗೆ ತಾಗುವ ಜಾಗದಲ್ಲಿ ಮಾತ್ರ ಒಂದು ಸಣ್ಣ ಕಪ್ಪು ಗೆರೆ ಮತ್ತು ಒಂದೆರಡು ಉಂಗುರ ಬೇಕು. ಅದಿಲ್ಲದಿದ್ದರೆ ಬಸ್ಸು ನೀರಿನಿಂದ ಒಂದು ಗೇಣು ಮೇಲೆ ತೇಲುತ್ತಿರುವ ಹಾಗೆ ಕಾಣುತ್ತದೆ. ನೆರಳಿನ ಬಗ್ಗೆಯೂ ಒಂದು ಮಾತು. ತಿಳಿ ನೀರಿನ ಮೇಲೆ ನೆರಳು ಬೀಳುವುದು ಬಹಳ ಕಡಿಮೆ. ಮಳೆಗಾಲದ ಕೆಂಪು ನೀರಾದರೆ ನೆರಳು ಕಾಣುತ್ತದೆ. ನಿಮ್ಮ ನೀರು ತಿಳಿಯಾಗಿದೆ, ಮೋಡವೂ ಇದೆ. ಬಸ್ಸಿನ ಕೆಳಗೆ ನೀವು ಬಳಿದಿರುವ ಆ ಡ್ರಾಪ್ ಶ್ಯಾಡೋವನ್ನು ತೆಗೆದುಹಾಕಿ.

ಬೆಳಗಿನ ಕಾಫಿ

ಒಂದು ಪ್ರಶ್ನೆ. ಇಷ್ಟೆಲ್ಲ ಯಾಕೆ? ಎಐಗೆ "ಹಿನ್ನೀರಿನ ಮೇಲೆ ಕೆಂಪು ಬಸ್ಸು, ನೀರಿನಲ್ಲಿ ಅಡಿಕೆ ತೋಟ" ಅಂತ ಬರೆದರೆ ಅರ್ಧ ನಿಮಿಷದಲ್ಲಿ ಬರುತ್ತದೆ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನೆರಳು ಬೆಳಕು

ಬೇಜಾರು ಯಾಕೆ, ಒಳ್ಳೆಯ ಪ್ರಶ್ನೆ. ಒಂದು ಬಸ್ಸು, ಒಂದು ಕೆರೆ ಖಂಡಿತ ಬರುತ್ತದೆ. ಆದರೆ ಅದು ಶರಾವತಿ ಆಗಿರುವುದಿಲ್ಲ. ಈ ಮೇಡಂ ಅಜ್ಜಿಯ ಊರು ಮುಳುಗಿದ ನೀರನ್ನೇ, ಅದೇ ದಡದಲ್ಲಿ ನಿಂತು ತೆಗೆದಿದ್ದಾರೆ. ಎದುರಿಗೆ ಕಾಣುವ ಗುಡ್ಡದ ಸಾಲು ಅಜ್ಜಿ ನೋಡಿದ ಗುಡ್ಡದ ಸಾಲು. ನೋಡುವವರಿಗೆ ಅದು ತಿಳಿಯದೆ ಇರಬಹುದು. ಸಾಗರದ ಕಡೆಯವರಿಗೆ ತಿಳಿಯುತ್ತದೆ, ಅವರಿಗಾಗಿಯೇ ಅಲ್ವಾ ಈ ಚಿತ್ರ?

ಇನ್ನೊಂದು ಕಾರಣವೂ ಇದೆ. ಕನಸಿನಂಥ ಚಿತ್ರ ಮನಸ್ಸಿಗೆ ತಾಗುವುದು ಅದರಲ್ಲಿ ಒಂದೇ ಒಂದು ಸುಳ್ಳು ಇದ್ದಾಗ. ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿಟ್ ಒಂದೇ ವಿಷಯವನ್ನು ಮತ್ತೆ ಮತ್ತೆ ಬರೆದರು. ಕೆಳಗೆ ರಾತ್ರಿಯ ಬೀದಿ, ಒಂದು ದೀಪ ಉರಿಯುತ್ತಿದೆ. ಮೇಲೆ ಹಾಡುಹಗಲಿನ ನೀಲಿ ಆಕಾಶ. ಮನೆ ಮನೆಯ ಹಾಗೇ ಇದೆ, ಮರ ಮರದ ಹಾಗೇ ಇದೆ, ದೀಪದ ಬೆಳಕು ಗೋಡೆಯ ಮೇಲೆ ಬೀಳಬೇಕಾದ ಹಾಗೇ ಬಿದ್ದಿದೆ. ಹಗಲು ರಾತ್ರಿ ಒಟ್ಟಿಗೆ ಇರುವುದೊಂದೇ ಸುಳ್ಳು. ಅದಕ್ಕೇ ನೋಡಿದವರು ಅಲ್ಲೇ ನಿಂತುಬಿಡುತ್ತಾರೆ. ಬಸ್ಸು ನೀರಿನ ಮೇಲಿರುವುದು ನಿಮ್ಮ ಸುಳ್ಳು. ಬಸ್ಸಿನ ನೋಟ, ಬೆಳಕು, ಪ್ರತಿಬಿಂಬ ಕೂಡ ಸುಳ್ಳಾದರೆ ನೋಡುವವರು ಕಥೆ ಬಿಟ್ಟು ತಪ್ಪು ಹುಡುಕಲು ಶುರುಮಾಡುತ್ತಾರೆ.

ಸ್ವೀಡನ್‌ನ ಎರಿಕ್ ಯೊಹಾನ್ಸನ್ 2011ರ ಒಂದು ಟೆಡ್ ಭಾಷಣದಲ್ಲಿ ಮೂರು ನಿಯಮ ಹೇಳಿದ್ದರು. ಸೇರಿಸುವ ಫೋಟೋಗಳ ಪರ್ಸ್‌ಪೆಕ್ಟಿವ್ ಒಂದೇ ಆಗಿರಬೇಕು. ಬೆಳಕು ಒಂದೇ ರೀತಿ ಇರಬೇಕು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಇಲ್ಲಿ ನಾವೆಲ್ಲ ಮಾತಾಡುತ್ತಿರುವುದು ಅದನ್ನೇ.

ಡಾರ್ಕ್‌ರೂಂ ಹಳಬ

ಸ್ಪರ್ಧೆಗೆ ಕಳಿಸುವ ಮನಸ್ಸಿದ್ದರೆ ಇನ್ನೊಂದು ವಿಷಯ. ಎಫ್‌ಐಎಪಿ (ಫೋಟೋಗ್ರಫಿ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ) ಮಾನ್ಯತೆಯ ಸಲೂನ್‌ಗಳಲ್ಲಿ, ಅಂದರೆ ಫೋಟೋ ಸ್ಪರ್ಧೆಗಳಲ್ಲಿ, ಚಿತ್ರದ ಪ್ರತಿ ಭಾಗವನ್ನೂ ಕಳಿಸಿದವರೇ ತೆಗೆದಿರಬೇಕು. ಇಂಟರ್‌ನೆಟ್‌ನಿಂದ ತಂದ ಉಚಿತ ಆಕಾಶ, ಉಚಿತ ಚಂದ್ರ ಕೂಡ ಆಗುವುದಿಲ್ಲ. ನೇಚರ್ ವಿಭಾಗಕ್ಕಂತೂ ಇಂಥ ಚಿತ್ರ ಕಳಿಸಲೇಬಾರದು, ಅಲ್ಲಿ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಓಪನ್ ವಿಭಾಗದಲ್ಲಿ ಜಾಗ ಇದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಐ ಚಿತ್ರಕ್ಕೆ ಬಂದ ಸೋನಿ ವರ್ಲ್ಡ್ ಫೋಟೋಗ್ರಫಿ ಪ್ರಶಸ್ತಿಯನ್ನು ತಾವೇ ಬೇಡ ಅಂದರು. ಫೋಟೋ ಮತ್ತು ಎಐ ಚಿತ್ರ ಒಂದೇ ಪಂಕ್ತಿಯಲ್ಲಿ ಕೂರಬಾರದು ಅನ್ನುವುದು ಅವರ ವಾದ. ನನ್ನ ಅಭಿಪ್ರಾಯವೂ ಅದೇ.

ಅಕ್ಷರ ಪ್ರೇಮಿ

ಎಐ ಬಗ್ಗೆ ಹೇಳುವುದಾದರೆ ಕನ್ನಡ ಅಕ್ಷರಗಳನ್ನು ಮರೆಯಬೇಡಿ. ಅದು ಬರೆದ ಬಸ್ಸಿನ ಬೋರ್ಡುಗಳಲ್ಲಿ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಬಿದ್ದಿರುವುದನ್ನು ಎಷ್ಟೋ ನೋಡಿದ್ದೇನೆ. ಮೇಡಂ, ನಿಮ್ಮ ಬಸ್ಸಿನ ಬೋರ್ಡಿನಲ್ಲಿ ಏನು ಬರೆದಿದೆ? ಇಡೀ ಚಿತ್ರದಲ್ಲಿ ಜನ ಮೊದಲು ಓದುವುದು ಅದನ್ನೇ.

ಶರಾವತಿ ತೀರ

"ಸಾಗರ – ಮಡೆನೂರು" ಅಂತ ಹಾಕಬೇಕು. ಅಲ್ಲಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತುಂಬಾ ಇಳಿದಾಗ ಮೇಲೆ ಕಾಣುತ್ತದೆ, ನಮ್ಮ ಕಡೆಯವರು ನೋಡಲು ಹೋಗುತ್ತಾರೆ. ಆದರೆ ಫೋಟೋಶಾಪ್‌ನಲ್ಲಿ ಟೈಪ್ ಮಾಡಿದರೆ ಅಕ್ಷರಗಳು ಒಡೆದು ಹೋಗುತ್ತಿವೆ.

ಅಕ್ಷರ ಪ್ರೇಮಿ

ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ. ಟೆಕ್ಸ್ಟ್ ಎಂಜಿನ್ ಅನ್ನುವ ಆಯ್ಕೆ ನಿಮ್ಮ ಆವೃತ್ತಿಯಲ್ಲಿದ್ದರೆ ಅಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಹಳೆಯ ಆವೃತ್ತಿಯಲ್ಲಿ ಅದಕ್ಕೆ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅನ್ನುವ ಹೆಸರಿತ್ತು. ಆಮೇಲೆ ಯೂನಿಕೋಡ್ ಫಾಂಟ್ ಬಳಸಿ. ಒತ್ತಕ್ಷರ ತಾನಾಗಿ ಕೂರುತ್ತದೆ.

ಆದರೆ ನನ್ನ ಸಲಹೆ ಬೇರೆ. ಫಾಂಟ್ ಬೇಡ. ಹಳೆಯ ಬಸ್ಸುಗಳ ಬೋರ್ಡಿಗೆ ಕೈಯಲ್ಲಿ ಬರೆಯುತ್ತಿದ್ದರಲ್ಲ, ಅಂಥ ಅಕ್ಷರವೇ ಬೇಕು. ನಿಮ್ಮೂರಿನಲ್ಲಿ ಬೋರ್ಡ್ ಬರೆಯುವವರು ಯಾರಾದರೂ ಇದ್ದರೆ ಒಂದು ತಗಡಿನ ಮೇಲೆ ಬರೆಸಿ, ಮೋಡದ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಆ ಬ್ರಶ್ಶಿನ ಹೊಡೆತ, ಬಣ್ಣ ಸ್ವಲ್ಪ ಇಳಿದ ಜಾಗ, ಅಕ್ಷರದ ತಲೆಕಟ್ಟು ಒಂದೇ ಸಮ ಇಲ್ಲದಿರುವುದು, ಇವು ಯಾವ ಫಾಂಟಿನಲ್ಲೂ ಇಲ್ಲ. ಆಮೇಲೆ ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ ಡಿಸ್ಟಾರ್ಟ್ ಬಳಸಿ ನಾಲ್ಕು ಮೂಲೆ ಎಳೆದು ಬೋರ್ಡಿನ ಜಾಗಕ್ಕೆ ಕೂರಿಸಿ. ಪ್ರತಿಬಿಂಬದಲ್ಲಿ ಅಕ್ಷರ ತಲೆಕೆಳಗಾಗಬೇಕು, ಎಡಬಲ ಬದಲಾಗಬಾರದು. ಅದನ್ನೂ ನೋಡಿಕೊಳ್ಳಿ.

ಗಿಂಪ್ ಗೆಳೆಯ

ಫೋಟೋಶಾಪ್ ಇಲ್ಲದವರಿಗೆ ಹೇಳುತ್ತೇನೆ, ಇಲ್ಲಿಯವರೆಗೆ ಹೇಳಿದ ಎಲ್ಲವೂ ಗಿಂಪ್‌ನಲ್ಲಿ ಆಗುತ್ತದೆ. ದುಡ್ಡು ಕೊಡಬೇಕಿಲ್ಲ. ಕನ್ನಡ ಅಕ್ಷರ ಅದರಲ್ಲಿ ಯಾವ ಸೆಟ್ಟಿಂಗೂ ಇಲ್ಲದೆ ಸರಿಯಾಗಿ ಬರುತ್ತದೆ. 2025ರ ಮಾರ್ಚ್‌ನಲ್ಲಿ ಬಂದ 3.0ರಿಂದ ಫಿಲ್ಟರ್‌ಗಳನ್ನು ಲೇಯರಿಗೆ ಅಂಟಿಸಿಟ್ಟು ಆಮೇಲೆ ಬೇಕಾದಾಗ ಬದಲಾಯಿಸಬಹುದು. ಕಂಪ್ಯೂಟರಿಗೆ ಏನೂ ಹಾಕಿಕೊಳ್ಳಲು ಆಗದವರು ಬ್ರೌಸರಿನಲ್ಲೇ ಫೋಟೋಪಿಯ ತೆರೆಯಬಹುದು, ಪಿಎಸ್‌ಡಿ ಫೈಲೂ ತೆರೆಯುತ್ತದೆ.

ಅಡಿಕೆ ತೋಟದ ಬಗ್ಗೆ ಯಾರೂ ಹೇಳಲಿಲ್ಲ. ಅಡಿಕೆ ಸೋಗೆಯ ಒಂದೊಂದು ಎಲೆ ಬಿಡಿಸಿ ಮಾಸ್ಕ್ ಮಾಡಲು ಕುಳಿತರೆ ದಿನಗಟ್ಟಲೆ ಬೇಕು. ಬಿಡಿಸಲೇಬೇಡಿ. ಮೋಡದ ದಿನ ಮರದ ಬುಡದಲ್ಲಿ ಕೂತು ಮೇಲಕ್ಕೆ ತೆಗೆಯಿರಿ. ಹಿಂದಿನ ಆಕಾಶ ಹೆಚ್ಚುಕಡಿಮೆ ಪೂರ್ತಿ ಬಿಳಿ ಬರುತ್ತದೆ. ಉಳಿದ ಬೂದನ್ನು ಲೆವೆಲ್ಸ್‌ನಲ್ಲಿ ಬಿಳಿಗೆ ತಳ್ಳಿ. ಆ ಲೇಯರನ್ನು ತಿರುಗಿಸಿ ನೀರಿನ ಮೇಲಿಟ್ಟು ಬ್ಲೆಂಡ್ ಮೋಡ್ (ಲೇಯರ್ ಕೆಳಗಿನದರ ಜೊತೆ ಬೆರೆಯುವ ರೀತಿ) ಅನ್ನು ಮಲ್ಟಿಪ್ಲೈಗೆ ಹಾಕಿ. ಮಲ್ಟಿಪ್ಲೈನಲ್ಲಿ ಬಿಳಿ ಇರುವುದೆಲ್ಲ ಮಾಯ. ಮರ ಮಾತ್ರ ಉಳಿಯುತ್ತದೆ, ಎಲೆ ಎಲೆಯ ಸಂದಿನಲ್ಲೂ ನೀರು ಕಾಣುತ್ತದೆ.

ತೋಟದ ಮನೆ

ಮೇಲಕ್ಕೆ ತೆಗೆಯುವುದು ಇನ್ನೊಂದು ಕಾರಣಕ್ಕೂ ಸರಿ. ಕರಾವಳಿಯವರು ಹೇಳಿದರಲ್ಲ, ಪ್ರತಿಬಿಂಬ ಅಂದರೆ ಕೆಳಗಿನಿಂದ ನೋಡಿದ ನೋಟ. ಕೆಳಗಿನಿಂದ ನೋಡಿದಾಗ ಸೋಗೆಯ ಅಡಿಭಾಗ ಕಾಣಬೇಕು, ಕೊನೆಯೂ (ಅಡಿಕೆ ಗೊಂಚಲು) ಕಾಣಬೇಕು. ಅಜ್ಜಿಯ ಕಾಲದ ತೋಟ ಅಂದರೆ ಮರಗಳು ತುಂಬಾ ಎತ್ತರ ಇದ್ದಿರಬೇಕು. ಈಗಿನ ಹೊಸ ಗಿಡ್ಡ ತಳಿಯ ತೋಟ ತೆಗೆಯಬೇಡಿ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತಿದ್ದ ಹಳೆಯ ತೋಟ ಹುಡುಕಿ. ತೀರ್ಥಹಳ್ಳಿ ಕಡೆ ನಮ್ಮ ತೋಟದಲ್ಲೇ ಅಂಥ ಮರಗಳಿವೆ, ಬನ್ನಿ.

ಶರಾವತಿ ತೀರ

ಖಂಡಿತ ಬರುತ್ತೇನೆ, ತುಂಬಾ ಥ್ಯಾಂಕ್ಸ್. ತೋಟ ನೀರಿನ ತುಂಬ ಕಾಣಬೇಕಾ, ಬಸ್ಸಿನ ಹತ್ತಿರ ಮಾತ್ರ ಸಾಕಾ?

ನೆರಳು ಬೆಳಕು

ದೂರಕ್ಕೆ ಹೋದಂತೆ ಜಾಸ್ತಿ, ನಿಮ್ಮ ಕಾಲಿನ ಹತ್ತಿರ ಬಂದಂತೆ ಕಡಿಮೆ. ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಬೆಳಕಿನಲ್ಲಿ ಶೇಕಡಾ 2ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ಓರೆಯಾಗಿ ನೋಡಿದಷ್ಟೂ ಕನ್ನಡಿಯಂತಾಗುತ್ತದೆ. ಹಾಗಾಗಿ ತೋಟದ ಲೇಯರಿಗೆ ಒಂದು ಗ್ರೇಡಿಯೆಂಟ್ ಮಾಸ್ಕ್ ಹಾಕಿ, ಫ್ರೇಮಿನ ಕೆಳ ಅಂಚಿಗೆ ಬರುವಷ್ಟರಲ್ಲಿ ಅದು ಕರಗಿ ನೀರಿನ ಸ್ವಂತ ಬಣ್ಣ ಮಾತ್ರ ಉಳಿಯಲಿ.

ಇನ್ನು ಹುಬ್ಬಳ್ಳಿಯವರು ಮೊದಲೇ ಹೇಳಿದ ಬಣ್ಣದ ವಿಷಯಕ್ಕೆ ಈಗ ಬರೋಣ, ಅದರ ಸಮಯ ಬಂದಿದೆ. ಮೊದಲು ಕಪ್ಪು. ಬಸ್ಸು ನಿಲ್ಲುವಷ್ಟೇ ದೂರದಲ್ಲಿ ನೀರಿನಿಂದ ಎದ್ದ ಒಂದು ಒಣ ಮರದ ಬೊಡ್ಡೆ ನಿಮ್ಮ ಫೋಟೋದಲ್ಲಿದೆ. ಇನ್ಫೋ ಪ್ಯಾನೆಲ್ ತೆರೆದು ಅದರ ಅತಿ ಕಪ್ಪು ಜಾಗದ ಅಂಕಿ ನೋಡಿ (0 ಅಂದರೆ ಪೂರ್ತಿ ಕಪ್ಪು, 255 ಪೂರ್ತಿ ಬಿಳಿ). ಸಂಜೆಯ ತೇವದ ಗಾಳಿಯಲ್ಲಿ ಅದು 0 ಇರುವುದಿಲ್ಲ, 30ರ ಸುತ್ತ ಇರುತ್ತದೆ, ಸ್ವಲ್ಪ ನೀಲಿಗೂ ತಿರುಗಿರುತ್ತದೆ. ಬಸ್ಸಿನ ಟೈರು ಅದಕ್ಕಿಂತ ಕಪ್ಪಿರಬಾರದು. ಬಸ್ಸಿಗೆ ಮಾತ್ರ ಕ್ಲಿಪ್ ಮಾಡಿದ ಕರ್ವ್ಸ್ ಲೇಯರಿನಲ್ಲಿ ಎಡ ಕೆಳಮೂಲೆಯ ಚುಕ್ಕೆಯನ್ನು ಅಷ್ಟು ಮೇಲೆ ಎತ್ತಿ. ನೀಲಿ ಚಾನೆಲ್‌ನಲ್ಲಿ ಒಂದು ಚೂರು ಜಾಸ್ತಿ ಎತ್ತಿ. ಈ ಒಂದು ಕೆಲಸದಿಂದ ಬಸ್ಸು ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ನಿಲ್ಲುತ್ತದೆ.

ಎಲ್ಲಕ್ಕೂ ಮೇಲೆ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಇಟ್ಟುಕೊಳ್ಳಿ. ಆಗಾಗ ಹಾಕಿ ತೆಗೆದು ನೋಡಿ. ಬಣ್ಣ ಇಲ್ಲದಾಗ ಯಾವುದು ಹೊರಗಿನದು ಅಂತ ಥಟ್ಟನೆ ಗೊತ್ತಾಗುತ್ತದೆ. ಕೊನೆಗೆ ಗ್ರೇನ್, ಅಂದರೆ ಫೋಟೋದಲ್ಲಿ ಕಾಣುವ ಸಣ್ಣ ಕಾಳುಕಾಳು. ಹಿನ್ನೀರಿನ ಫೋಟೋ ಕತ್ತಲಾಗುವ ಹೊತ್ತಿನದು, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ) ಜಾಸ್ತಿ. ಬಸ್ಸಿನದು ಕಡಿಮೆ. ನುಣ್ಣಗಿರುವ ಬಸ್ಸು ಒರಟು ನೀರಿನ ಮೇಲೆ ಎದ್ದು ಕಾಣುತ್ತದೆ. ಬಸ್ಸಿನ ಲೇಯರಿಗೆ ಅದೇ ಥರದ ಕಾಳು, ಅಂದರೆ ನಾಯ್ಸ್, ಸ್ವಲ್ಪ ಸೇರಿಸಿ.

ಹುಬ್ಬಳ್ಳಿ ಹುಡುಗ

ಕಪ್ಪಿನ ಈ ಲೆಕ್ಕ ನನ್ನ ಮದುವೆ ಆಲ್ಬಂ ಕೆಲಸಕ್ಕೂ ಉಪಯೋಗ ಆಗುತ್ತದೆ. ಧನ್ಯವಾದ ಸರ್.

ಮಳೆನಾಡು ಮಾತು

ಚಿತ್ರ ಚೆನ್ನಾಗಿ ಬರಲಿ. ಆದರೆ ಒಂದು ಆತಂಕ ಇದೆ, ಹೇಳಿಬಿಡುತ್ತೇನೆ. ನೀವೆಲ್ಲ ಸೇರಿ ಅದನ್ನು ಅಷ್ಟು ನಿಜ ಮಾಡಿದ ಮೇಲೆ, ಜುಲೈ ಮಳೆಯಲ್ಲಿ ಯಾರೋ ವಾಟ್ಸಾಪಿನಲ್ಲಿ "ಸಾಗರದಲ್ಲಿ ಪ್ರವಾಹ, ಪ್ರಯಾಣಿಕರಿದ್ದ ಬಸ್ಸು ನೀರುಪಾಲು" ಅಂತ ಹರಿಬಿಟ್ಟರೆ? ಆ ಕಡೆಯ ಬಸ್ಸುಗಳಲ್ಲಿ ನಮ್ಮವರು ಓಡಾಡುತ್ತಾರೆ. ಅಂಥ ಒಂದು ಸುದ್ದಿ ಬಂದರೆ ಮನೆಯಲ್ಲಿ ಏನಾಗುತ್ತದೆ ಅಂತ ನಮಗೆ ಗೊತ್ತು.

ಶರಾವತಿ ತೀರ

ಇದನ್ನು ಯೋಚಿಸಿರಲಿಲ್ಲ. ಫೈಲಿನ ಮೆಟಾಡೇಟಾದಲ್ಲಿ (ಫೋಟೋದ ಜೊತೆ ಫೈಲಿನೊಳಗೆ ಇರುವ ಮಾಹಿತಿಯಲ್ಲಿ) ಬರೆದರೆ ಸಾಕಾ?

ಡಾರ್ಕ್‌ರೂಂ ಹಳಬ

ಸಾಲದಮ್ಮ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ ಕೂಡಲೇ ಮೆಟಾಡೇಟಾ ಕಳಚಿಹೋಗುತ್ತದೆ. ಚಿತ್ರದ ಒಳಗೇ, ಕತ್ತರಿಸಲು ಆಗದ ಜಾಗದಲ್ಲಿ ನಿಮ್ಮ ಹೆಸರು ಮತ್ತು "ಹಲವು ಫೋಟೋ ಸೇರಿಸಿದ ಚಿತ್ರ" ಅಂತ ಸಣ್ಣದಾಗಿ ಬರೆಯಿರಿ. ನೀರಿನ ಮೇಲೆ, ಬಸ್ಸಿನ ಹತ್ತಿರ. ಮೂಲೆಯಲ್ಲಿ ಬರೆದರೆ ಕ್ರಾಪ್ ಮಾಡಿಬಿಡುತ್ತಾರೆ. ನೀರಿನೊಳಗಿನ ತೋಟ ಸ್ಪಷ್ಟವಾಗಿ ಕಾಣುವ ಹಾಗೆ ಇಟ್ಟರೆ ಅದೂ ಒಂದು ರಕ್ಷಣೆ. ಮೇಲೆ ಇಲ್ಲದ ಮರ ನೀರಿನಲ್ಲಿ ಕಂಡರೆ ಇದು ಸುದ್ದಿ ಫೋಟೋ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಅಂದಹಾಗೆ, ಕುಟುಂಬದ ನೆನಪಿನ ಮೇಲೆ ಇಂಥ ಕೆಲಸ ಮಾಡಿದ ಒಬ್ಬರ ಚಿತ್ರಗಳನ್ನು ನೋಡಲೇಬೇಕು. ಕಲಾವಿದ ವಿವಾನ್ ಸುಂದರಂ. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ತಂಗಿಯ ಮಗ ಅನ್ನುವುದಕ್ಕಿಂತ, ಅವರು ಉಮ್ರಾವ್ ಸಿಂಗ್ ಶೇರ್‌ಗಿಲ್ ಅವರ ಮೊಮ್ಮಗ ಅನ್ನುವುದು ಇಲ್ಲಿ ಮುಖ್ಯ. ತಾತ ತೆಗೆದಿದ್ದ ಮನೆಯ ಹಳೆಯ ಫೋಟೋಗಳನ್ನು ಮೊಮ್ಮಗ 2001ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಸೇರಿಸಿ, ಬೇರೆ ಬೇರೆ ಕಾಲದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಎಲ್ಲ ಕಪ್ಪುಬಿಳುಪು. ನಿಮ್ಮ ಅಜ್ಜಿಯ ಹಳೆಯ ಫೋಟೋ ಇದ್ದರೆ ಬಸ್ಸಿನ ಒಂದು ಕಿಟಕಿಯಲ್ಲಿ ಅವರಿರಬಹುದು.

ಶರಾವತಿ ತೀರ

ಅಜ್ಜಿಯದು ಒಂದೇ ಒಂದು ಹಳೆಯ ಸ್ಟುಡಿಯೋ ಫೋಟೋ ಇದೆ. ಆದರೆ ಬಸ್ಸಿನಲ್ಲಿ ಬೇಡ ಅನ್ನಿಸುತ್ತದೆ. ಅಜ್ಜಿ ಬಂದರೆ ಎಲ್ಲರೂ ಅವರನ್ನೇ ನೋಡುತ್ತಾರೆ, ನೀರನ್ನು ನೋಡುವುದಿಲ್ಲ. ಕಿಟಕಿಗಳು ಖಾಲಿ ಇರಲಿ.

ನೆರಳು ಬೆಳಕು

ಸರಿಯಾದ ತೀರ್ಮಾನ. ಎರಡನೇ ಸುಳ್ಳು ಬೇಡ.

ಶರಾವತಿ ತೀರ

ಹೊಸ ಚಿತ್ರ ಹಾಕಿದ್ದೇನೆ, ನೋಡಿ. ಬಸ್ಸನ್ನು ಮಹಡಿಯಿಂದ ತೆಗೆದೆ, ನೆಲಕ್ಕೆ ಕೂತು ಇನ್ನೊಂದು ತೆಗೆದೆ. ತೋಟ ತೀರ್ಥಹಳ್ಳಿಯದು. ಬೋರ್ಡನ್ನು ಸಾಗರದಲ್ಲಿ ಒಬ್ಬರು ತಗಡಿನ ಮೇಲೆ ಬರೆದುಕೊಟ್ಟರು, ಯಾಕೆ ಅಂತ ಕೇಳಿ ದುಡ್ಡು ತಗೊಳ್ಳಲಿಲ್ಲ. ಅಮ್ಮನಿಗೆ ತೋರಿಸಿದೆ. ಇದು ಯಾವ ಬಸ್ಸು, ಎಷ್ಟು ಗಂಟೆಗೆ ಅಂತ ಕೇಳಿದರು.

ಪ್ರಿಂಟ್ ಹಾಕಿಸಿ ಅಮ್ಮನ ಮನೆಯಲ್ಲಿ ಇಡಬೇಕು. ಎ3 ಅಳತೆ ಸಾಕು. ಏನು ನೋಡಿಕೊಳ್ಳಬೇಕು?

ಕರಾವಳಿ ಕ್ಲಿಕ್

ಮಡ್‌ಗಾರ್ಡಿನ ಒಳಭಾಗ ನೀರಿನಲ್ಲಿ ಕಾಣುತ್ತಿದೆ! ಬಹಳ ಖುಷಿಯಾಯಿತು.

ಡಾರ್ಕ್‌ರೂಂ ಹಳಬ

ಎ3ಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ 3508 ಗುಣಿಸು 4961 ಪಿಕ್ಸೆಲ್ ಬೇಕು. ನಿಮ್ಮ ಫೈಲ್ ಅದಕ್ಕಿಂತ ದೊಡ್ಡದಿದೆ, ಚಿಂತೆ ಇಲ್ಲ. ನೋಡಬೇಕಾದ್ದು ಆಕಾಶ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಸಂಜೆಯ ಮೋಡದಂಥ ನಿಧಾನವಾಗಿ ಬದಲಾಗುವ ಬೂದಿನಲ್ಲಿ ಆ ಮೆಟ್ಟಿಲುಗಳು ಪಟ್ಟಿ ಪಟ್ಟಿಯಾಗಿ ಕಾಣಬಹುದು. ಫೈಲ್ 16 ಬಿಟ್‌ನಲ್ಲೇ ಇರಲಿ, ಪ್ರಿಂಟಿನವರಿಗೆ ಟಿಫ್ ಫೈಲ್ ಕೊಡಿ. ಲೇಯರ್ ಇರುವ ಪಿಎಸ್‌ಡಿಯನ್ನು ಬೇರೆ ಇಟ್ಟುಕೊಳ್ಳಿ, ಯಾರಿಗೂ ಕೊಡಬೇಡಿ. ಹೊಳೆಯುವ ಕಾಗದ ಬೇಡ, ಮ್ಯಾಟ್ ಹಾಕಿಸಿ. ಮ್ಯಾಟ್‌ನಲ್ಲಿ ಕಡು ಜಾಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅದಕ್ಕೆ ನೀರಿನೊಳಗಿನ ತೋಟವನ್ನು ಸ್ಕ್ರೀನಿನಲ್ಲಿ ಕಾಣುವುದಕ್ಕಿಂತ ಒಂದು ಚೂರು ತಿಳಿ ಮಾಡಿ. ಮೊದಲು ಅಂಗೈ ಅಗಲದ ತುಂಡೊಂದನ್ನು ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಪೂರ್ತಿ ಹಾಕಿಸಿ.